ಅರ್ಧ ಉಣುಗು

ಸಾಗರದ ಆಸ್ಪತ್ರೆಯ ಮಹಡಿ ಮೇಲೆ
ಲಸಿಕೆ ಡಬ್ಬಿಗಳನ್ನು ಗೋಡೆಗೆ ಸರಿಸಿ
ಹನ್ನೊಂದು ಕುರ್ಚಿ ಹಾಕಿದ್ದರು.
ನುಸ್ರತ್ ಮೇಡಂ ಬೋರ್ಡಿನ ಮೇಲೆ
ಯಾರದೋ ಪುಸ್ತಕದಿಂದ ಹತ್ತು ಅಂಕಿ ಇಳಿಸಿದರು.
ನೋಡಿದರೆ ನನ್ನವೇ.

ಮೂರು, ಸೊನ್ನೆ, ಐದು, ಎರಡು, ಸೊನ್ನೆ,
ನಾಲ್ಕು, ಒಂದು, ಸೊನ್ನೆ, ಮೂರು,
ಅರವತ್ತೆರಡು.

ಇಪ್ಪತ್ತು ವರ್ಷದಿಂದ ನನ್ನ ಕೆಲಸ ಇಷ್ಟೇ:
ಜನವರಿಯ ತರಗೆಲೆ ಮೇಲೆ
ಬಿಳಿ ಫ್ಲಾನೆಲ್ ಬಟ್ಟೆ ಎಳೆಯುವುದು,
ಮಗುಚುವುದು, ಅಂಟಿದ ಉಣುಗು ಎಣಿಸುವುದು,
ಚಿಮಟದಲ್ಲಿ ಎತ್ತಿ ಸೀಸೆಗೆ ಬಿಡುವುದು.
ಎಣಿಸಿದ್ದು ಆಮೇಲೆ ಏನಾಗುತ್ತೆ ಅಂತ
ನಾನೂ ಕೇಳಿದವನಲ್ಲ, ಅವರೂ ಹೇಳಿದವರಲ್ಲ.

"ಕಾಡೆಲ್ಲ ಸಮಷ್ಟಿ," ಅಂದರು ಮೇಡಂ,
"ಗಾಮಪ್ಪನ ಬಟ್ಟೆಗೆ ಸಿಕ್ಕಿದ್ದು ಮಾದರಿ.
ಅನ್ನ ಬೆಂತೋ ನೋಡಲು ಅಗುಳು ಹಿಚುಕಿದ ಹಾಗೆ.
ಆದರೆ ಮೇಲಿನ ಅಗುಳನ್ನೇ ಹಿಚುಕುತ್ತಿದ್ದರೆ
ತಳ ಸೀದದ್ದು ತಿಳಿಯುವುದಿಲ್ಲ."

ಕೂಡಿಸಿದರು, ಹತ್ತರಿಂದ ಭಾಗಿಸಿದರು.
ಸರಾಸರಿ ಎಂಟು.
ಎಂಟು ಉಣುಗು
ಯಾವ ಬಟ್ಟೆಯ ಮೇಲೂ ಇರಲಿಲ್ಲ, ನಾನು ಬಲ್ಲೆ.

ಆಮೇಲೆ ಪ್ರಾರ್ಥನೆಗೆ ನಿಂತ ಮಕ್ಕಳಂತೆ
ಗಿಡ್ಡದಿಂದ ಉದ್ದಕ್ಕೆ ಸಾಲು ಮಾಡಿ
ನಡುವೆ ಬೆರಳಿಟ್ಟರು. ಮಧ್ಯಾಂಕ, ಎರಡೂವರೆ.
"ಅರ್ಧ ಉಣುಗು ಅಂದರೆ ಮೇಡಂ,
ಕಚ್ಚೋ ಕಡೆಯದೋ, ಇನ್ನೊಂದು ಕಡೆಯದೋ?"
ಅಂದ ಲ್ಯಾಬಿನ ಫ್ರಾನ್ಸಿಸ್. ಕುರ್ಚಿಗಳೂ ನಕ್ಕವು.

ಅರವತ್ತೆರಡು ಟೈಪಿಂಗ್ ತಪ್ಪಿರಬೇಕು,
ತೆಗೆದುಬಿಡಿ, ಚೆಂದ ಕಾಣುತ್ತೆ,
ಅಂದರು ಗುಮಾಸ್ತೆ ವಿಮಲಾಕ್ಷಿ.
ನಾನು ಎದ್ದು ನಿಂತೆ.
ಮತ್ತಿ ಮರದ ಬುಡ. ಸತ್ತು ಮೂರು ದಿನದ ಮಂಗ.
ಅದರ ಮೈ ತಣ್ಣಗಾದ ಮೇಲೆ ಇಳಿದವು
ಬಟ್ಟೆಯನ್ನು ಎಳ್ಳು ಚೆಲ್ಲಿದ ಹಾಗೆ ಮಾಡಿದ್ದವು.
ಎರಡು ಸಲ ಎಣಿಸಿದ್ದೆ.
"ಗುಂಪಿನಿಂದ ದೂರ ನಿಂತದ್ದೆಲ್ಲ ತಪ್ಪಲ್ಲ,"
ಅಂದರು ಮೇಡಂ. ಅಂಕಿಗೊಂದು ಸುತ್ತು ಹಾಕಿದರು.
ನಾನು ಕೂತೆ, ಸ್ವಲ್ಪ ಎದೆ ಉಬ್ಬಿಸಿ.

ಅಷ್ಟರಲ್ಲಿ ಸೊನ್ನೆಗಳ ಸರದಿ.
"ಹೆಚ್ಚು ಸಲ ಬಂದದ್ದು ಬಹುಲಕ. ಇಲ್ಲಿ ಸೊನ್ನೆ.
ಸೊನ್ನೆಯೂ ಎಣಿಕೆಯೇ, ನೆನಪಿಡಿ:
ಹೋಗಿ, ಎಳೆದು, ಮಗುಚಿ, ನೋಡಿ, ಇಲ್ಲ ಅಂದದ್ದು.
ಖಾಲಿ ಮನೆ ಬೇರೆ.
ಅಲ್ಲಿಗೆ ಯಾರೂ ಹೋಗಿಲ್ಲ."

ನನ್ನ ಕಿವಿ ಬಿಸಿಯಾಯಿತು.
ಎಂಟನೆಯ ಅಂಕಿ.
ಆ ದಿನ ಚಪ್ಪಲಿ ಕಿತ್ತಿತ್ತು,
ಕಾರ್ಗಲ್ ಬಸ್ಸು ನಾಲ್ಕೂವರೆಗೆ.
ಮೋರಿಕಟ್ಟೆ ಮೇಲೆ ಕೂತು ಪುಸ್ತಕ ಬಿಚ್ಚಿ
ಒಂದು ಸೊನ್ನೆ ಬರೆದೆ, ದುಂಡಗೆ,
ನಿಜದ ಸೊನ್ನೆಗಳಿಗಿಂತ ದುಂಡಗೆ.
ಅಂಥವು ಇಪ್ಪತ್ತು ವರ್ಷದಲ್ಲಿ ಎಷ್ಟು?
ಎಣಿಸುವವನು ನಾನೇ, ಲೆಕ್ಕವಿಟ್ಟಿಲ್ಲ.

ಟೀ ಹೊತ್ತಿಗೆ ಹತ್ತಿರ ಹೋಗಿ ಹೇಳಿದೆ.
ಬೈಯಲಿಲ್ಲ. ನಗಲೂ ಇಲ್ಲ.
ತೋರುಬೆರಳಿಂದ ಎಂಟನೆಯದನ್ನು ಒರೆಸಿದರು,
ಬೆರಳ ತುದಿಗೆ ಸುಣ್ಣ.
ಈಗ ಒಂಬತ್ತರಿಂದ ಭಾಗಿಸಬೇಕು.
ಸರಾಸರಿ ಹೆಚ್ಚುಕಮ್ಮಿ ಒಂಬತ್ತಕ್ಕೇರಿತು.
ನಡುವೆ ಬೆರಳಿಟ್ಟರೆ, ಮೂರು.
ಇಡಿಯಾಗಿ ಮೂರು, ಕಾಲು ಸಮೇತ.
"ಅರ್ಧ ಎಲ್ಲಿ ಹೋಯ್ತು?" ಅಂತ ಫ್ರಾನ್ಸಿಸ್
ಬಾಯಲ್ಲಿ ಬಿಸ್ಕತ್ತಿಟ್ಟುಕೊಂಡೇ ಕೇಳಿದ.
ನಾನು ಬೋರ್ಡಿನ ಆ ಖಾಲಿ ಜಾಗ ನೋಡುತ್ತಿದ್ದೆ.

ನೋಟಿಸು ಬರಬಹುದು.
ಸಂಭವ ಎಷ್ಟು ಅಂತ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬನೇ ಅಲ್ಲಿಗೆ ಹೋದೆ.
ಎಳೆದೆ, ಮಗುಚಿದೆ. ಏಳು.
ಫೋನು ಮಾಡಿದೆ: ಆ ಖಾಲಿ ಮನೆಗೆ ಏಳು ಬರೆಯಲೇ?
"ಬೇಡ. ಆ ದಿನ ಹೋಯಿತು.
ಇವತ್ತಿನ ತಾರೀಖು ಹಾಕಿ, ಹೊಸ ಸಾಲು ಬರೆಯಿರಿ."

ಸಂಜೆ ಬಚ್ಚಲಲ್ಲಿ ಮೈ ನೋಡಿಕೊಂಡೆ,
ಮಂಡಿಯ ಹಿಂದೆ ಒಂದು.
ಪುಸ್ತಕ ತೆಗೆದೆ, ಮತ್ತೆ ಮುಚ್ಚಿದೆ.
ಇದು ಮಾದರಿಗೆ ಸೇರದು.
ನಾನು ಇದನ್ನು ಆರಿಸಿದ್ದಲ್ಲ,
ಇದು ನನ್ನನ್ನು.