ಹತ್ತೊಂಬತ್ತನೇ ಬಟ್ಟಲು

ತೊಗರಿಕಾಳಿಗಿಂತ ಒಂದೀಟು ದೊಡ್ಡವು,
ಉಕ್ಕಿನ ಬಟ್ಟಲು, ನಲವತ್ತೆಂಟು,
ಗುಂಡನ ತಟ್ಟಿಯೊಳಗ ಸುತ್ತೂ ಕುಂತಾವ
ಪಂಕ್ತಿ ಊಟಕ್ಕ ಕುಂತವರಂಗ.
ತೋಳು ಬರ್ತದ, ಒಂದನ್ನ ಎತ್ತತದ,
ಆರುನೂರು ಡಿಗ್ರಿ ಕುಲುಮಿ ಬಾಯಾಗ ಬಿಡ್ತದ.
ಉರಿ ಇಲ್ಲ, ಹೊಗಿ ಇಲ್ಲ,
ಉರೀಲಿಕ್ಕೆ ಬೇಕಾದ ಗಾಳಿನೂ ಇಲ್ಲ ಅಲ್ಲಿ,
ಬರೇ ಹೀಲಿಯಂ.
ಸುಡೂದಲ್ಲ ಅದು. ಬಿಚ್ಚೂದು.

ದೇಶಮುಖ ಸರ್ ಇದ್ದಾಗ ಇದು ಕೈಕೆಲಸ.
ಚಿಮಟಾ ಹಿಡದು, ಉಸಿರು ಹಿಡದು,
ಒಂದು ಬಟ್ಟಲು, ನಲವತ್ತು ನಿಮಿಷ, ಮತ್ತೊಂದು.
ಕೆಮ್ಮು ಬಂದರ ಹೊರಗ ಬೇವಿನ ಗಿಡದ ತನಕ ಹೋಗಿ
ಕೆಮ್ಮಿ ಬರ್ತಿದ್ದರು, ತಕ್ಕಡಿಗೆ ಗೊತ್ತಾಗಬಾರದಂತ.
ಬೆರಳು ನಡುಗಲಿಕ್ಕೆ ಶುರುವಾದ ವರ್ಷ
ಮರದ ಪೆಟ್ಟಿಗ್ಯಾಗ ಇದು ಬಂತು.
"ನನ್ನ ಕೈ ಬಂದದ ನೋಡವ್ವಾ" ಅಂತ ನಕ್ಕರು.
ಆಮ್ಯಾಲ ಅದರ ತೋಳು ಮುಟ್ಟಿ ನೋಡಿದರು,
ಸಂತ್ಯಾಗ ಎತ್ತಿನ ಕೊಂಬು ಮುಟ್ಟಿ ನೋಡಿ
ಕೊಳ್ಳದ ಹೋಗೋರಂಗ.

ಇವತ್ತ ಜೇವರ್ಗಿ ರಸ್ತೆದ್ದು ಒಂದು ಲಕೋಟಿ.
ಹೆಸರಿಲ್ಲ, ನಂಬರ್ ಅದ.
ಒಳಗ ಎರಡು ಪುಡಿಕಿ.
ಸೈಕಲ್ಲು ಕೆಂಪು, ಅದರ ಮಡ್ಗಾರ್ಡಿಗೆ ಹತ್ತಿದ್ದು ಹಸಿರು.
ಟ್ಯಾಂಕರಿನ ಬಂಪರಿಂದ ಕೆರದದ್ದೂ ಹಸಿರು.
ಊರ ತುಂಬ ಹಸಿರು ಗಾಡಿ ಓಡ್ತಾವ,
ಕಣ್ಣಿನ ಸಾಕ್ಷಿ ನಡಿಯೂದಿಲ್ಲ.

ಹೋದ ವಾರ ತುಳಜಾಬಾಯಿ ಬಂದಿದ್ದಳು,
ದಾಲ್ ಮಿಲ್ಲಿನಾಗ ಬ್ಯಾಳಿ ಹಸನ ಮಾಡಾಕಿ,
ಸೆರಗಿನ ತುಂಬ ಹಳದಿ ಧೂಳು.
"ನಮ್ಮವನ ಸೈಕಲ್ ನಿಮ್ಮ ಕಡಿ ಅದ ಅಂದ್ರು.
ಯಾವಾಗ ಕೊಡ್ತೀರಿ? ಇನ್ನಾ ಎರಡು ಕಂತು ಅದಾವ."
ಇಲ್ಲಿ ಬಂದದ್ದು ಸೈಕಲ್ ಅಲ್ಲವ್ವಾ,
ಉಗುರಿನ ತುದಿಗೆ ಹತ್ತೂವಷ್ಟು ಬಣ್ಣ—
ಹೇಳಲಿಲ್ಲ ನಾ. ಹೇಳೂ ಹಂಗಿಲ್ಲ.
ನೀರು ಕೊಟ್ಟೆ. ಕುಡದು ಲೋಟ ಬೋರಲು ಇಟ್ಟು ಹೋದಳು.

ಹದಿನೆಂಟು, ಸೈಕಲ್ಲಿಂದು.
ಹತ್ತೊಂಬತ್ತು, ಖಾಲಿ.
ಇಪ್ಪತ್ತು, ಟ್ಯಾಂಕರಿಂದು.
"ಖಾಲಿ ಬಟ್ಟಲ ಯಾಕ ಒಗಿಬೇಕ್ರಿ ಕುಲುಮಿಗಿ?"
ಯಾದಗಿರಿಯಿಂದ ಹೊಸದಾಗಿ ಬಂದ ವಿಶ್ವಾರಾಧ್ಯ ಕೇಳಿದ.
ಹಿಂದಿಂದರ ವಾಸನಿ ಮುಂದಿಂದಕ್ಕ ಹತ್ತಬಾರದು, ತಮ್ಮಾ.
ಒಂದರ ಮಾತು ಇನ್ನೊಂದರ ಬಾಯಿಂದ ಬಂದರ
ಕೋರ್ಟಿನಾಗ ನಿಲ್ಲೂದಿಲ್ಲ.

ಆರಕ್ಕ ಬಾಗಿಲು ಹಾಕಿದೆ.
ಹೊರಗ ಕಲಬುರಗಿ ಇನ್ನಾ ನಲವತ್ತೊಂದರಾಗ ಅದ,
ಒಳಗ ಎ.ಸಿ. ತಂಪಿನಾಗ ತೋಳು ತನ್ನ ಪಾಡಿಗೆ ತಾ
ಎತ್ತತದ, ಬಿಡ್ತದ, ಕಾಯ್ತದ.
ನಿದ್ದಿ ಇಲ್ಲ ಅದಕ್ಕ, ಕೆಮ್ಮಿಲ್ಲ,
ಯಾರೂ ಬಂದು ಕಂತಿನ ಮಾತು ಆಡೂದಿಲ್ಲ.

ಮನ್ಯಾಗ ರೊಟ್ಟಿ ತಟ್ಟತಿದ್ದೆ.
ಮಗಳು ಸೈಕಲ್ ಗಂಟಿ ಬಾರಿಸ್ಕೊಂತ
ಕತ್ತಲಾದ ಮ್ಯಾಲ ಅಂಗಳಕ್ಕ ಬಂದಳು.
ಬೈದೆ. ಜೋರಲೇ ಬೈದೆ.
ಹಂಚಿನ ಮ್ಯಾಲಿನ ರೊಟ್ಟಿ ಕರಕಾತು.
ಬರೇ ಐದು ನಿಮಿಷ ತಡ ಆಗಿತ್ತು,
ಯಾಕ ಬೈದೆ ಅಂತ ಆಕಿಗೆ ತಿಳೀಲಿಲ್ಲ.

ಮುಂಜಾನಿ ಪರದಿ ಮ್ಯಾಲ
ಹದಿನೆಂಟರ ಗುಡ್ಡ, ಇಪ್ಪತ್ತರ ಗುಡ್ಡ,
ಒಂದರ ಮ್ಯಾಲ ಒಂದು ಇಟ್ಟರ ಒಂದೇ ಆಗ್ತಾವ.
ವಿಶ್ವಾರಾಧ್ಯ ಚಪ್ಪಾಳಿ ಹೊಡಿಯೂದೊಂದು ಬಾಕಿ.
ನಡುವಿನ ಹತ್ತೊಂಬತ್ತು
ಬ್ಯಾಸಗಿ ಎರಿ ಹೊಲದಂಗ ಸಪಾಟ ಇರಬೇಕು.
ಅದ. ಆದರ ಹದಿನಾಕನೇ ನಿಮಿಷಕ್ಕ
ಒಂದು ಸಣ್ಣ ಉಬ್ಬು,
ಹುದ್ದಿ ಮ್ಯಾಲ ಇರಿವಿ ಎಬ್ಬಿಸಿದ ಮಣ್ಣಿನಷ್ಟ.

"ಇಷ್ಟ ಸಣ್ಣದು, ಬಿಡ್ರಿ ಮೇಡಂ."
ಸೈಕಲ್ಲು ಇನ್ನಾ ಪೂರ್ತಿ ಹೋಗಿಲ್ಲಪ್ಪಾ ಅದರೊಳಗಿಂದ.
ವಕೀಲ ಮೊದಲ ಇದನ್ನ ಹುಡುಕ್ತಾನ.

ಪುಡಿಕಿ ಬಿಚ್ಚಿ ನೋಡಿದೆ:
ಇನ್ನೊಂದೇ ಸಲಕ್ಕ ಆಗೂವಷ್ಟು ಹಸಿರು ಉಳದದ.
ಚಿಮಟಾ ತಗೊಂಡೆ. ಉಸಿರು ಹಿಡದೆ.
"ಈ ಸಲ ನಡುವ ಎರಡು ಖಾಲಿ ಇಡು" ಅಂದೆ.