ಸೀದ ಜವೆ

ಎರಡು ಕಿಲೋ ಜವೆಗೋಧಿ ಮುಂದಿಟ್ಟು
ಸೀಯಿಸಿ ಕೊಡು ಎಂದಾಗ
ಬುಡೇನಸಾಬ ಕೈಲಿದ್ದ ಜಾಲರಿ ಕೆಳಗಿಟ್ಟ.

ಮೂವತ್ತೆಂಟು ವರ್ಷ ಈ ಭಟ್ಟಿಯ ಬಾಯಲ್ಲಿ ನಿಂತು
ಒಂದು ಕಾಳೂ ಸೀಯದಂತೆ ಕಾದವನು.
ಕಾದ ಮರಳಿಗೆ ಅಕ್ಕಿ ಬಿದ್ದು, ಉಬ್ಬಿ,
ಬೆಳ್ಳಗೆ ಮೇಲೇಳುವ ಅರೆಗಳಿಗೆ
ಅವನಿಗೆ ಕಿವಿಯಲ್ಲೇ ಗೊತ್ತು.
ದಾವಣಗೆರೆಯ ಸಂಜೆಗಳು
ಮೆಣಸಿನಕಾಯಿ ಕಚ್ಚಿಕೊಂಡು ಮೆಲ್ಲುವ ಖಾರ, ನರ್ಗಿಸ್
ಎಲ್ಲ ಇಂಥ ತೋಳಿನಿಂದ ಇಳಿದದ್ದು.

"ಸೀದದ್ದನ್ನ ಕೋಳಿನೂ ಮುಟ್ಟಲ್ಲಪ್ಪ. ಏನಕ್ಕಿದು?"

"ಕಾಫಿಗೆ" ಅಂದೆ.
ಮನೆಮನೆಯ ಕರೆಂಟು ಮೀಟರ್ ಓದುವವನು ನಾನು,
ಸುಳ್ಳು ಅಂಕಿ ಬರೆದು ಅಭ್ಯಾಸವಿಲ್ಲ.
ಕಿವಿ ಬಿಸಿಯಾದದ್ದು ಭಟ್ಟಿಯ ಉರಿಗೆ
ಅಂದುಕೊಂಡೆ.

ಮರಳಿಲ್ಲದ ಬಾಣಲೆಗೆ ಸುರಿದ. ಕೆಂಪಾಯಿತು, ನಿಲ್ಲಿಸಿದ.
ಇನ್ನೂ, ಅಂದೆ.
ಕಂದಾಯಿತು, ನನ್ನ ಮುಖ ನೋಡಿದ.
ಇನ್ನೂ.
ನೀಲಿ ಹೊಗೆ ಎದ್ದಿತು. ಅವನ ಕೈ
ತಾನಾಗಿಯೇ ಎತ್ತಲು ಹೋಗಿ, ತಡೆದು, ನಡುಗಿತು
ಗೊತ್ತಿದ್ದೂ ತಪ್ಪು ತೂಗುವವನ ಹಾಗೆ.
ಕೊನೆಗೆ ಗೋಣಿಯ ಮೇಲೆ ಇದ್ದಿಲ ಬಣ್ಣದ ಕಾಳು.
ದುಡ್ಡು ಮುಟ್ಟಲಿಲ್ಲ.
"ಕೆಡಿಸಿದ್ದಕ್ಕೆ ಎಂಥಾ ಕೂಲಿ?"

ಡಿಸೆಂಬರ್. ಈ ಊರಿನ ಗಾಳಿಗೆ
ಸ್ವಲ್ಪ ಮರ್ಯಾದೆ ಬರುವುದು ಇದೊಂದೇ ತಿಂಗಳು.
ಹಂಡೆಯಲ್ಲಿ ಮೊಳೆತು ಒಣಗಿದ ಜವೆ, ಮೇಲೆ ಅವನ ಕಪ್ಪು,
ಅರವತ್ತೇಳು ಡಿಗ್ರಿ; ಕುದಿಯಬಾರದು, ಆರಬಾರದು.
ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತೆ.
ತುಳಜಾ ಹಿತ್ತಲ ಬಾಗಿಲಿಗೆ ಬಂದು
"ಹಂಡೆಗೆ ಬಾಣಂತನವಾ?" ಎಂದು ಹೋದಳು.

ಕೊರಿಯರಿನಲ್ಲಿ ಬಂದಿತ್ತು ಹಾಪ್ಸ್: ಬೆಳ್ಳಿ ಪೊಟ್ಟಣ,
ಒಳಗೆ ಹಸಿರು ಆಡಿನ ಹಿಕ್ಕೆ!
ಎಲ್ಲಿಯ ಹೂವೋ, ಯಾವ ಹಿಮದ ಬೇಲಿಯದೋ,
ಒಂದು ಹಿಡಿ ಕುದಿಗೆ ಬಿದ್ದದ್ದೇ ತಡ
ಹಿತ್ತಲ ತುಂಬ ಕಿತ್ತಳೆಸಿಪ್ಪೆ, ಹಸಿಹುಲ್ಲು,
ಆಗಷ್ಟೇ ಮುರಿದ ಬೇವಿನಕಡ್ಡಿ.
ಹಾಗಲಕಾಯಿ ಬಾಯಲ್ಲೇ ಜಗಳ ಮುಗಿಸುತ್ತದೆ;
ಇದು ನುಂಗಿದ ಮೇಲೆ ಬಂದು
ಬಾಗಿಲು ತಟ್ಟುವ ಕಹಿ.

ಸೋಸಿ ಉಳಿದ ಚರಟ ಒಂದು ಬುಟ್ಟಿ.
ಎಸೆಯಲಾರದೆ ಸೈಕಲ್ಲಿಗೆ ಕಟ್ಟಿ ಒಯ್ದೆ
ಬುಡೇನಸಾಬನ ಆಡುಗಳಿಗೆ.
ಚಿಟಿಕೆ ಹಿಡಿದು ಮೂಸಿದ, ಬಹಳ ಹೊತ್ತು.
"ಕಾಫಿ ಚರಟ ಇಷ್ಟು ಸಿಹಿ ಇರ್ತದಾ?"
ನಾನು ಅವನ ಗೋಡೆಯ ಮೀಟರ್ ನೋಡುತ್ತ ನಿಂತೆ,
ಓದುವ ದಿನವಲ್ಲದಿದ್ದರೂ.
ಆಡು ತಿಂದವು. ಆಡಿಗೇನು.

ಮೂಲೆಯಲ್ಲಿ ಒದ್ದೆ ಗೋಣಿ ಉಟ್ಟ ಗಾಜಿನ ಜಾಡಿ.
ಬುಳುಕ್.
ನಿದ್ದೆಯಲ್ಲೂ ಎಣಿಸಿದೆ. ಬುಳುಕ್, ಬುಳುಕ್.
ಊರಿನ ಮೀಟರುಗಳೆಲ್ಲ ಮುಂದಕ್ಕೆ ಓಡುವಾಗ
ಇದೊಂದು ಹಿಂದಕ್ಕೆ:
ಗಾಜಿನ ತೇಲುಗಡ್ಡಿ ದಿನಕ್ಕಿಷ್ಟು ಮುಳುಗುತ್ತ
ಸಾವಿರದ ಎಂಬತ್ತರಿಂದ ಸಾವಿರದ ಹದಿನೆಂಟಕ್ಕೆ.
ಸಿಹಿಯ ಖರ್ಚೇ ಅಮಲಿನ ಜಮೆ.

ಗುಜರಿಯಿಂದ ತಂದ ಇಪ್ಪತ್ತೊಂದು ಬಾಟಲಿ.
ಮಾರ್ಚಿನ ಸೆಕೆಗೆ ನಡುರಾತ್ರಿ ಒಂದು ಸಿಡಿಯಿತು,
ಪಕ್ಕದ ಮನೆಯವರು ಟ್ರಾನ್ಸ್‌ಫಾರ್ಮರ್ ಹೋಯ್ತೆಂದು
ನನ್ನನ್ನೇ ಎಬ್ಬಿಸಿದರು.
ಉಳಿದವು ಮಂಚದಡಿ ಕತ್ತಲಲ್ಲಿ
ಕತ್ತಲಾಗುತ್ತಲೇ ಇದ್ದವು.

ಜೂನ್. ಮುಚ್ಚಳ ತೆಗೆದೆ.
ಸ್ಟೀಲ್ ಲೋಟದಲ್ಲಿ ಕಪ್ಪು, ಅದರ ಮೇಲೆ ಬೆಲ್ಲದ ನೊರೆ.
ಮೊದಲು ಆ ದೂರದ ಹೂವು. ಆಮೇಲೆ ಹೊಗೆ.
ಕಾಲಿಗಿಳಿಯುವ ಬಿಸಿ, ನಿಧಾನ.
ನಾಲ್ಕನೆಯ ಗುಟುಕಿನ ಕೊನೆಗೆ ಮಾತ್ರ
ಬೂದಿಯದೊಂದು ಎಳೆ,
ಕೂದಲಿನಷ್ಟು.

ರೀಡಿಂಗ್ ದಿನ ಹೇಳಿಯೇಬಿಟ್ಟೆ:
"ಅದು ಕಾಫಿಯಲ್ಲ."
"ಗೊತ್ತು" ಎಂದ, ಮರಳಿನಿಂದ ಕಣ್ಣೆತ್ತದೆ.
ಬಿಲ್ಲು ಹರಿದು ಕೊಟ್ಟೆ. ಮಡಚಿ ಕಿವಿಗೆ ಸಿಕ್ಕಿಸಿಕೊಂಡ.
ಮಂಡಕ್ಕಿ ಉಬ್ಬಿತು, ಜಾಲರಿ ಆಡಿತು,
ನಾನು ಸೈಕಲ್ ಹತ್ತಬೇಕು ಅಷ್ಟರಲ್ಲಿ

"ಒಂಚೂರು ಮೊದಲೇ ತೆಗೀಬೇಕಿತ್ತು, ಅಲ್ವಾ?"
ಎಂದ,
ಒಂದು ಹನಿಯೂ ಮುಟ್ಟದವನು.