ಎರಡು ಸಾಲು ಮೀರದಂತೆ

ಆಗಸ್ಟ್ ಬಂತೆಂದರೆ
ಊರಿನ ಮೊಣಕಾಲೆಲ್ಲ ನನ್ನ ಮೇಜಿಗೆ ಬರುತ್ತವೆ.
ಉಳುಕಿದವು, ಊದಿದವು, ಇನ್ನು ಉಳುಕಲಿರುವವು.
ಉಬ್ಬಸ, ಅರೆತಲೆನೋವು, ಈಜುಕೊಳದ ನೀರಿಗೆ ಕೆಂಪಾಗುವ ಚರ್ಮ.
ಚೆಂಡು ಕಂಡರೆ ಬವಳಿ ಬರುವ ಒಬ್ಬ ಹುಡುಗ,
ಅವನ ವೈದ್ಯರು ಅದಕ್ಕೂ ಲ್ಯಾಟಿನ್ನಿನಲ್ಲಿ
ಒಂದು ಹೆಸರು ಹುಡುಕಿ ಕೊಟ್ಟಿದ್ದಾರೆ.

ಮೊಲೀನ್ ಊರು, ನದಿಯ ಈಚೆ ದಡ.
ಹೈಸ್ಕೂಲಿನ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ
ಮೊಹರು ಒತ್ತುತ್ತೇನೆ.
ನಮ್ಮಲ್ಲಿ ಓಡದವರಿಗೆ ಪದವಿಯ ಟೋಪಿ ಇಲ್ಲ.
ಓಡದೆ ಇರಬೇಕೆಂದರೆ ಒಂದು ಅರ್ಜಿ, ತಿಳಿ ಹಳದಿ ಕಾಗದ,
ಅದರಲ್ಲಿ ನಾಲ್ಕು ಚೌಕ:
ಕಾಯಿಲೆ. ಧರ್ಮ. ಬ್ಯಾಂಡು. ಶಾಲಾ ತಂಡ.
ಅಡಿಯಲ್ಲಿ, ಇತರೆ. ಎರಡು ಸಾಲು ಮೀರದಂತೆ.

ಟ್ಯೂಬಾ ಹೊತ್ತು ಮೈದಾನ ಸುತ್ತುವವನಿಗೆ ವಿನಾಯಿತಿ ಉಂಟು.
ಸರಿಯೇ. ಅದರ ಭಾರ ಬಲ್ಲೆ,
ನನ್ನ ಗಂಡ ಊದುತ್ತಿದ್ದ.

ಡೆಲ್ಫಿನ್ ವ್ಯಾನ್ ಹೂರೆಬೆಕ್ ಬಂದದ್ದು
ಗಡುವು ಮುಗಿದ ಮೂರನೆಯ ದಿನ.
ನಾಲ್ಕು ಚೌಕವೂ ಖಾಲಿ.
ಇತರೆಯಲ್ಲಿ ಏನೋ ಬರೆದು, ಗೀಚಿ, ಮತ್ತೆ ಬರೆದದ್ದು:
ನಾನು ನನ್ನ ತಮ್ಮನನ್ನು ಎತ್ತುತ್ತೇನೆ.

ದಿನಕ್ಕೆ ಎಷ್ಟು ಸಲ? ಎಂದೆ. ಕೇಳುವುದೇ ನನ್ನ ಕೆಲಸ.
ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ,
ಮತ್ತೆ ಕುರ್ಚಿಗೆ, ಆಮೇಲೆ ಹದಿನಾಲ್ಕು ಮೆಟ್ಟಿಲು.
ಅಮ್ಮನದು ಸಂಜೆ ಪಾಳಿ, ಟ್ರ್ಯಾಕ್ಟರಿನ ಕಾರ್ಖಾನೆ.
ಕೊನೆಯ ಪೀರಿಯಡ್ ಬಿಟ್ಟರೆ
ಅವನ ಬಸ್ಸಿಗಿಂತ ಮೊದಲು ಮನೆ ಸೇರಬಹುದು.
ಹೋದ ವರ್ಷ ಎಪ್ಪತ್ತೆಂಟು ಪೌಂಡು ಇದ್ದ,
ಈಗ ತೊಂಬತ್ತಾರು.
ಬೆಳೀತಿದ್ದಾನೆ ಬ್ರಾಮ್, ಎಂದಳು,
ದೂರುವ ದನಿಯಲ್ಲಿ ಅಲ್ಲ.

ಸಮಿತಿಯವರು ಮೂವರು. ವೈದ್ಯರ ಪತ್ರ ತರಲಿ ಎಂದರು.
ತಂದಳು. ಅದರಲ್ಲಿ ಹೀಗಿತ್ತು:
ಆರೋಗ್ಯ ಉತ್ತಮ. ಬೆನ್ನು ನೆಟ್ಟಗಿದೆ.
ಭುಜಗಳು, ಈ ವಯಸ್ಸಿಗೆ, ಅಸಾಧಾರಣ.

ತಿರಸ್ಕರಿಸಲಾಗಿದೆ.
ಆ ಮೊಹರೂ ನನ್ನ ಕೈಯದೇ.

ಅಕ್ಟೋಬರಿನಲ್ಲಿ ಕಂಬಿಗೆ ನೇತಾಡುವ ಪರೀಕ್ಷೆ.
ಟ್ರೂಡಿ ಹ್ಯಾಲ್ವರ್ಸನ್, ಸೀಟಿ ಇನ್ನೂ ಕೊರಳಲ್ಲಿ,
ಕಚೇರಿಗೆ ಬಂದು ನನ್ನ ಮುಂದೆ ಧೊಪ್ಪನೆ ಕೂತಳು.
ಹುಡುಗರೆಲ್ಲ ಹಣ್ಣೆಲೆಯ ಹಾಗೆ ಉದುರಿದ ಮೇಲೂ
ಆ ಹುಡುಗಿ ಇಳಿಯಲಿಲ್ಲ.
ಹಲ್ಲು ಕಚ್ಚಲಿಲ್ಲ, ಕಣ್ಣು ಮುಚ್ಚಲಿಲ್ಲ.
ಗೋಡೆಯ ಗಡಿಯಾರ ನೋಡುತ್ತಿದ್ದಳು ಕಣೇ,
ಎರಡು ನಲವತ್ತು.
ಸಾಕು ಇಳಿ ಎಂದು ನಾನೇ ಅನ್ನಬೇಕಾಯಿತು.

ಹೊಸ ಹಳದಿ ಕಾಗದ ಕೇಳಿ ಈಸಿಕೊಂಡು
ನಾಲ್ಕನೆಯ ಚೌಕಕ್ಕೆ ಗೀಟು ಹಾಕಿದಳು.
ಶಾಲಾ ತಂಡ: ಭಾರ ಎತ್ತುವುದು.
ಸದಸ್ಯರು: ಒಬ್ಬಳು.
ತರಬೇತಿ: ಹ್ಯಾಲ್ವರ್ಸನ್.
ಅಭ್ಯಾಸದ ಸ್ಥಳ: ಹದಿನೆಂಟನೆಯ ಬೀದಿ, ಹಿಂಬದಿಯ ಬಾಗಿಲು.

ನಾನು ಏನೂ ಕೇಳಲಿಲ್ಲ.
ಮೊಹರಿಗೆ ಶಾಯಿ ಕಡಿಮೆಯಿತ್ತು, ಎರಡು ಸಲ ಒತ್ತಿದೆ.

ಮೇ ತಿಂಗಳಿಗೆ ತಂಡಗಳ ವರದಿ ಹೋಗಬೇಕು.
ಗೆದ್ದದ್ದೆಷ್ಟು, ಸೋತದ್ದೆಷ್ಟು.
ಕರೆಸಿ ಕೇಳಿದೆ: ಏನು ಬರೆಯಲಿ?
ಬೆರಳು ಮಡಿಸಿ ಎಣಿಸಹೋಗಿ, ಬಿಟ್ಟಳು.
ಗೆದ್ದದ್ದು ಗೊತ್ತಿಲ್ಲ. ಬೀಳಿಸಿದ್ದು ಒಂದು ಸಲ.
ಜನವರಿ, ಹಿಂಬದಿಯ ಮೆಟ್ಟಿಲಿಗೆ ಮಂಜು ಕಟ್ಟಿತ್ತು,
ಇಬ್ಬರೂ ಬಿದ್ದೆವು. ನನ್ನ ತುಟಿ ಒಡೆಯಿತು.
ಅವನು ಮಲಗಿದಲ್ಲೇ ನಗುತ್ತಿದ್ದ,
ಇನ್ನೊಂದು ಸಲ, ಇನ್ನೊಂದು ಸಲ ಅಂತ.

ಅದನ್ನೂ ಬರೀರಿ, ಎಂದಳು.

ಬರೆದೆ.
ಎರಡು ಸಾಲು ಮೀರಿತು.